ಸೀನಿಯರ್ಸ್ ಕೋಡ್ ಮುಟ್ಟುವ ಮುಂಚೆ

ಕಳೆದ ಸೆಮಿಸ್ಟರ್‌ನಲ್ಲಿ ಲೈನ್ ಫಾಲೋವರ್ ರೋಬೋಟ್‌ನ ಕೋಡ್ ನನ್ನ ಕೈಗೆ ಬಂತು. ಮೂರು ಬ್ಯಾಚ್ ದಾಟಿ ಬಂದ ಸಿ ಪ್ರೋಗ್ರಾಂ. ಒಂದೇ ಒಂದು ಕಾಮೆಂಟ್ ಇಲ್ಲ, ಇಂಡೆಂಟೇಷನ್ ಅಂತೂ ದೇವರಿಗೇ ಪ್ರೀತಿ. ಕಾಂಪಿಟಿಷನ್ ಮಾರನೇ ದಿನ. "ಮೊದಲು ಇದನ್ನ ಕ್ಲೀನ್ ಮಾಡೋಣ" ಅಂತ ರಾತ್ರಿ ಕೂತೆ.

ಅದರಲ್ಲಿ 'ಎರರ್ >> 1' ಅಂತ ಒಂದು ಲೈನ್ ಇತ್ತು. ಬಿಟ್‌ಗಳನ್ನು ಒಂದು ಸ್ಥಾನ ಬಲಕ್ಕೆ ತಳ್ಳಿದರೆ ಸಂಖ್ಯೆ ಅರ್ಧ ಆಗುತ್ತೆ. ಹಳೇ ಕಾಲದ ಸ್ಪೀಡ್ ಟ್ರಿಕ್. ಓದೋರಿಗೆ ಸುಲಭ ಆಗಲಿ ಅಂತ ಅದನ್ನ 'ಎರರ್ / 2' ಮಾಡಿದೆ. ಟ್ರ್ಯಾಕ್ ಮೇಲೆ ಬಿಟ್ಟರೆ ಬಲ ತಿರುವೆಲ್ಲಾ ಸರಿ, ಎಡ ತಿರುವು ಬಂದಾಗ ಮಾತ್ರ ಬಾಟ್ ಸೀದಾ ಆಚೆ!

ಯಾಕೆ ಗೊತ್ತಾ? ಎರರ್ 3 ಇದ್ದರೆ ಎರಡೂ ವಿಧಾನದಲ್ಲಿ ಉತ್ತರ 1. ಆದರೆ -3 ಇದ್ದಾಗ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸಿ -1 ಕೊಡುತ್ತೆ. ನಮ್ಮ ಕಂಪೈಲರ್‌ನಲ್ಲಿ ಶಿಫ್ಟ್ ಕೆಳಗಿನ ಪೂರ್ಣಾಂಕಕ್ಕೆ ಇಳಿದು -2 ಕೊಡುತ್ತೆ. ಮುಂದಿನ ಲೈನ್‌ನಲ್ಲಿ ಅದನ್ನ 20ರಿಂದ ಗುಣಿಸಿದ್ದರು. ಅಂದರೆ ಎಡಕ್ಕೆ 40 ಇದ್ದ ಕರೆಕ್ಷನ್ ನನ್ನಿಂದ 20 ಆಗಿತ್ತು.

ರಾತ್ರಿ ಒಂದು ಗಂಟೆಗೆ ಸೀನಿಯರ್‌ಗೆ ಫೋನ್ ಮಾಡಿದೆ. "ಅಣ್ಣಾ, ಆ ಶಿಫ್ಟ್ ಯಾಕೆ ಹಾಕಿದ್ರಿ?" ಅಂದೆ. "ಬಲಗಡೆ ಮೋಟಾರ್ ಸ್ವಲ್ಪ ವೀಕು ಕಣೋ. ಎಡಕ್ಕೆ ತಿರುಗೋಕೆ ಜಾಸ್ತಿ ಬೇಕಿತ್ತು. ಅದರಲ್ಲಿ ಸರಿಯಾಗಿ ಓಡ್ತು, ಹಾಗೇ ಬಿಟ್ವಿ" ಅಂದ್ರು.

ಹಾಗಂತ ಹಳೇ ಟ್ರಿಕ್‌ಗಳನ್ನೆಲ್ಲಾ ಪೂಜೆ ಮಾಡಬೇಕಾಗಿಲ್ಲ. ಸ್ಪೀಡ್‌ಗೋಸ್ಕರ ಇವತ್ತು ಯಾರೂ ಶಿಫ್ಟ್ ಬರೀಬೇಕಿಲ್ಲ. ಋಣ ಸಂಖ್ಯೆ ಬರಲ್ಲ ಅಂತ ಗೊತ್ತಿದ್ದರೆ, ಆಪ್ಟಿಮೈಸೇಷನ್ ಆನ್ ಇರುವ ಕಂಪೈಲರ್ '/ 2' ಅನ್ನು ತಾನೇ ಶಿಫ್ಟ್ ಮಾಡಿಕೊಳ್ಳುತ್ತೆ. ಋಣ ಸಂಖ್ಯೆಗೂ ಒಂದೆರಡು ಇನ್‌ಸ್ಟ್ರಕ್ಷನ್ ಜಾಸ್ತಿ, ಅಷ್ಟೇ.

ನಿಜವಾದ ನಿಧಾನ ಬೇರೆ ಕಡೆ ಅಡಗಿರುತ್ತೆ. ಜಿಟಿಎ ಆನ್‌ಲೈನ್ ಆಡಿದವರಿಗೆ ಅದರ ಲೋಡಿಂಗ್ ಸ್ಕ್ರೀನ್ ನೆನಪಿರಬೇಕು. 2021ರಲ್ಲಿ ಒಬ್ಬ ಆಟಗಾರ ಪ್ರೊಫೈಲರ್ ಹಾಕಿ ಕಾರಣ ಹುಡುಕಿದ. ಸುಮಾರು 63,000 ಐಟಂಗಳಿರುವ 10 ಎಂಬಿ ಫೈಲ್ ಓದುವಾಗ, ಪ್ರತಿ ತುಣುಕಿಗೂ ಉಳಿದ ಇಡೀ ಪಠ್ಯದ ಉದ್ದವನ್ನು ಮತ್ತೆ ಮತ್ತೆ ಅಳೆಯಲಾಗುತ್ತಿತ್ತು. ಜೊತೆಗೆ ಪ್ರತಿ ಐಟಂ ಮೊದಲೇ ಇದೆಯಾ ಅಂತ ಲಿಸ್ಟನ್ನು ಒಂದೊಂದಾಗಿ ಹುಡುಕಲಾಗುತ್ತಿತ್ತು. ಎರಡನ್ನೂ ಸರಿಮಾಡಿದಾಗ ಅವನ ಕಂಪ್ಯೂಟರ್‌ನಲ್ಲಿ ಆರು ನಿಮಿಷದ ಲೋಡಿಂಗ್ ಎರಡು ನಿಮಿಷದ ಒಳಗೆ ಬಂತು. ಕಂಪನಿಯೂ ಅದನ್ನ ಒಪ್ಪಿಕೊಂಡು ಅಪ್‌ಡೇಟ್ ಕೊಟ್ಟು, ಅವನಿಗೆ 10,000 ಡಾಲರ್ ಬಹುಮಾನ ಕೊಟ್ಟಿತು. ಅವನು ಊಹೆ ಮಾಡಲಿಲ್ಲ, ಅಳೆದ. ವ್ಯತ್ಯಾಸ ಅಲ್ಲೇ ಇರೋದು.

ಆ ರಾತ್ರಿಯಿಂದ ನಾನು ಮೂರು ಅಭ್ಯಾಸ ಇಟ್ಟುಕೊಂಡಿದ್ದೀನಿ. ಒಂದು, ಹಳೇ ಕೋಡ್ ಬದಲಾಯಿಸುವ ಮುಂಚೆ ಅದರ ಔಟ್‌ಪುಟ್ ಬರೆದಿಟ್ಟುಕೊಳ್ಳೋದು. ನಮ್ಮ ಎರರ್ -4ರಿಂದ 4ರವರೆಗೆ ಮಾತ್ರ. ಒಂಬತ್ತು ಸಂಖ್ಯೆ ಚೆಕ್ ಮಾಡಿದ್ದರೆ ಐದು ನಿಮಿಷದಲ್ಲಿ ಸಿಕ್ಕಿಬೀಳ್ತಿತ್ತು. ಎರಡು, ಸ್ಪೇಸ್, ಹೆಸರು, ಬ್ರಾಕೆಟ್ ಸರಿಮಾಡೋದು ಒಂದು ಕಮಿಟ್; ಲೆಕ್ಕ ಬದಲಾಯಿಸೋದು ಇನ್ನೊಂದು ಕಮಿಟ್. ಬೆರೆಸಿದರೆ ತಪ್ಪು ಎಲ್ಲಿ ನುಸುಳಿತು ಅಂತ ಗೊತ್ತಾಗಲ್ಲ. ಮೂರು, ಕೋಡ್ ಏನು ಮಾಡುತ್ತೆ ಅನ್ನೋದನ್ನ ಕೋಡೇ ಹೇಳುತ್ತೆ; ಯಾಕೆ ಅನ್ನೋದನ್ನ ಮಾತ್ರ ಕಾಮೆಂಟ್‌ನಲ್ಲಿ ಬರೆಯೋದು.

ಶಿಫ್ಟನ್ನು ವಾಪಸ್ ಹಾಕಿ ಮಲಗುವಾಗ ಮೂರು ಗಂಟೆ. ಈಗ ಆ ಲೈನ್ ಮೇಲೆ ಹೀಗಿದೆ: "ಬಲ ಮೋಟಾರ್ ವೀಕ್. / 2 ಹಾಕಿದರೆ ಎಡ ತಿರುವು ತಪ್ಪುತ್ತೆ. ಮೋಟಾರ್ ಬದಲಾಯಿಸಿದ ದಿನ ಈ ಲೈನನ್ನೂ ನೋಡಿ."

ಮುಂದಿನ ವರ್ಷ ಯಾವ ಜೂನಿಯರ್ ಇದನ್ನ ಕ್ಲೀನ್ ಮಾಡೋಕೆ ಕೂತರೂ ರಾತ್ರಿ ನನಗೆ ಫೋನ್ ಬರಬಾರದು ನೋಡಿ!