ಓಡುವಾಗ ಇಲ್ಲದ ಚಳಿ ನಿಂತಾಗ ಬರುತ್ತದೆ

ಮಾಗಿಯ ದಿನಗಳಲ್ಲಿ ನಸುಕಿಗೆ ಎದ್ದು ಓಡುವವರ ಸಂಖ್ಯೆ ಹೆಚ್ಚುತ್ತಿದೆ. 1938ರ ಧ್ವಜ ಸತ್ಯಾಗ್ರಹದಿಂದ ಹೆಸರಾದ ಶಿವಪುರವಿರಲಿ, ಪಕ್ಕದ ಮದ್ದೂರು, ಮಳವಳ್ಳಿಗಳಿರಲಿ, ಪೊಲೀಸ್ ಮತ್ತು ಸೇನೆಯ ನೇಮಕಾತಿಗೆ ಸಿದ್ಧರಾಗುವ ಹುಡುಗರು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡಲು ಹೊರಟ ಹಿರಿಯರು ಮಂಜಿನ ನಡುವೆಯೇ ಹೆಜ್ಜೆ ಹಾಕುತ್ತಾರೆ. ಇವರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಓಡುವ ಸ್ಪರ್ಧೆಗಳಿಗೆ ಹೆಸರು ಕೊಡುತ್ತಿದ್ದಾರೆ. ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದ ಬಳಿ ನಾಲೆ ಏರಿಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆದಿದೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವೆ 'ಮಲ್ನಾಡ್ ಅಲ್ಟ್ರಾ' ಎಂಬ ಇನ್ನೂ ದೀರ್ಘವಾದ ಓಟ ನಡೆದಿದೆ.

'ನಮ್ಮ ಕಡೆಯ ಚಳಿ ಏನು ಮಹಾ? ಹಿಮ ಬೀಳುತ್ತದೆಯೇ?' ಎಂದು ಕೇಳುವವರುಂಟು. ಮಂಡ್ಯದ ಮಾಗಿಯ ಬೆಳಗಿನಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಓಡಲು ಇದು ಹಿತವಾದ ಹವೆಯೇ ಸರಿ. ಆದರೆ ಚಳಿಯ ಅಪಾಯವನ್ನು ಉಷ್ಣಮಾಪಕವೊಂದರಿಂದಲೇ ಅಳೆಯಲಾಗದು.

ಮೇ ತಿಂಗಳಲ್ಲಿ ಸತ್ತವರು

ಚೀನಾದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು 100 ಕಿ.ಮೀ. ಬೆಟ್ಟದ ಓಟವೊಂದು ನಡೆಯಿತು. ಸ್ಪರ್ಧಿಗಳು 172 ಮಂದಿ. ಬೇಸಿಗೆ ಸಮೀಪಿಸಿದ್ದರಿಂದ ಹಲವರು ತೆಳು ಅಂಗಿ, ಚಡ್ಡಿಯಲ್ಲೇ ಹೊರಟಿದ್ದರು. ನಡುದಾರಿಯ ಏರಿನಲ್ಲಿ ಬಿರುಗಾಳಿ, ಮಳೆ, ಆಲಿಕಲ್ಲು ಒಟ್ಟಿಗೇ ಎರಗಿದವು. 21 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಆ ದೇಶದ ಹೆಸರಾಂತ ಓಟಗಾರರೂ ಇದ್ದರು. ಅಲ್ಲೇ ಗುಹೆಯೊಂದರಲ್ಲಿ ಆಶ್ರಯ ಪಡೆದಿದ್ದ ಒಬ್ಬ ಕುರಿಗಾಹಿ ಆರು ಜನರನ್ನು ಒಳಗೆ ಕರೆತಂದು, ಬೆಂಕಿ ಹಾಕಿ ಬೆಚ್ಚಗಿಟ್ಟು ಉಳಿಸಿದ. ಸತ್ತವರಿಗೆ ಕಸುವು ಕಡಿಮೆಯಿರಲಿಲ್ಲ. ಒಣ ಬಟ್ಟೆ, ಗಾಳಿಗೆ ಮರೆ ಎರಡೂ ಸಿಗಲಿಲ್ಲ.

ಮೈ ತಣ್ಣಗಾಗುವುದು ಹೇಗೆ?

ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೊರಬರುತ್ತದೆ. ಆದ್ದರಿಂದ ಚಳಿಯಲ್ಲೂ ಓಟಗಾರ ಬೆವರುತ್ತಾನೆ, ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ತೊಂದರೆ ಆರಂಭವಾಗುವುದು ವೇಗ ತಗ್ಗಿದಾಗ. ದೂರದ ಓಟದಲ್ಲಿ ಕಾಲು ಸೋಲುತ್ತದೆ, ಓಟ ನಡಿಗೆಯಾಗುತ್ತದೆ. ಕಾಲು ಉಳುಕಿದರೆ ಒಂದೆಡೆ ಕೂರಬೇಕಾಗುತ್ತದೆ. ಆಗ ಒಳಗಿನ ಒಲೆ ಆರುತ್ತದೆ, ಹೊರಗಿನ ಅಂಗಿ ಮಾತ್ರ ಒದ್ದೆಯಾಗಿಯೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಅದರೊಡನೆ ಗಾಳಿಯೂ ಬೀಸಿದರೆ ಮೈಯ ಬಿಸಿ ಸೋರಿಹೋಗುತ್ತದೆ. ಮುಂದೆ ಓಡುವ ಪಳಗಿದವರಿಗಿಂತ, ಹಿಂದೆ ಬೀಳುವ ಹೊಸಬರಿಗೆ ಅಪಾಯ ಹೆಚ್ಚಿರುವುದು ಸಾಮಾನ್ಯವಾಗಿ ಈ ಕಾರಣದಿಂದಲೇ.

ಆರೋಗ್ಯವಂತರ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅಂದರೆ ಮೈ ಬಿಸಿ ಅಪಾಯದ ಮಟ್ಟಕ್ಕೆ ಕುಸಿಯುವುದು.

ಲಕ್ಷಣಗಳು

ಮೊದಲು ನಡುಕ. ನಂತರ ಬೆರಳು ಮರಗಟ್ಟಿ ಗುಂಡಿ ಹಾಕಲು, ಬಿಸ್ಕತ್ತಿನ ಪೊಟ್ಟಣ ಬಿಡಿಸಲು ಆಗುವುದಿಲ್ಲ. ಹೆಜ್ಜೆ ತಪ್ಪುತ್ತದೆ, ಮಾತು ತೊದಲುತ್ತದೆ, ಕಾರಣವಿಲ್ಲದೆ ಸಿಡುಕು ಬರುತ್ತದೆ. ಉಷ್ಣಾಂಶ ಸುಮಾರು 32 ಡಿಗ್ರಿಗಿಂತ ಇಳಿದಾಗ ನಡುಕವೇ ನಿಂತುಹೋಗಬಹುದು. 'ಸದ್ಯ, ನಡುಕ ನಿಂತಿತಲ್ಲ' ಎಂದು ಸಮಾಧಾನಪಡುವ ಹೊತ್ತು ಇದಲ್ಲ. ಸ್ಥಿತಿ ಬಿಗಡಾಯಿಸಿದೆ ಎಂದೇ ತಿಳಿಯಬೇಕು.

ಇನ್ನೊಂದು ಮುಖ್ಯ ಸಂಗತಿಯಿದೆ. ತಣ್ಣಗಾಗುತ್ತಿರುವ ಮಿದುಳಿಗೆ ತಾನು ತಣ್ಣಗಾಗುತ್ತಿರುವುದು ತಿಳಿಯುವುದಿಲ್ಲ. ಕೇಳಿದರೆ 'ಏನಿಲ್ಲ ಕಣಣ್ಣ, ಚೆನ್ನಾಗಿವ್ನಿ' ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ಜೊತೆಯವರು ಮಾತನ್ನು ನಂಬದೆ ಪರೀಕ್ಷಿಸಬೇಕು. ಹತ್ತು ಹೆಜ್ಜೆ ನೇರವಾಗಿ ನಡೆಯಲು ಹೇಳಿ, ಮನೆಯ ಫೋನ್ ನಂಬರ್ ಕೇಳಿ. ತಡವರಿಸಿದರೆ ಅವರ ಓಟ ಅಲ್ಲಿಗೇ ಮುಗಿಯಬೇಕು. ಚಳಿಗಾಲದಲ್ಲಿ ಬೆಟ್ಟ, ಕಾಡಿನ ದಾರಿಯಲ್ಲಿ ಒಬ್ಬರೇ ಓಡಬಾರದು ಎನ್ನುವುದೂ ಇದಕ್ಕೇ.

ಉಡುಪು, ಆಹಾರ

ಹತ್ತಿಯ ಬನಿಯನ್ ಬೆವರು ಹೀರಿ ಮೈಗೆ ಅಂಟಿಕೊಳ್ಳುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯ ಅಂಗಿ ಮೈಗೆ ತಾಗುವಂತಿರಲಿ. ಉಣ್ಣೆ ನೆನೆದರೂ ಒಂದಿಷ್ಟು ಬಿಸಿ ಹಿಡಿದಿಡುತ್ತದೆಂಬುದು ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವವರಿಗೆ ಚೆನ್ನಾಗಿ ಗೊತ್ತು. ಮೇಲೊಂದು ಗಾಳಿ ತಡೆಯುವ ಹಗುರ ಜಾಕೆಟ್, ತಲೆಗೆ ಟೋಪಿ, ಕೈಗವಸು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಣ ಅಂಗಿ ಜೊತೆಗಿರಬೇಕು. ಬೆವರು ಸುರಿಯುವ ಮೊದಲೇ ಒಂದು ಪದರ ಬಿಚ್ಚಿ, ನಿಲ್ಲುವ ಮೊದಲೇ ಹಾಕಿಕೊಳ್ಳುವುದು ಜಾಣತನ. ಬೆಟ್ಟದ ಇಳಿಜಾರಿನಲ್ಲಿ ಸೈಕಲ್ ಸ್ಪರ್ಧಿಗಳು ಅಂಗಿಯೊಳಗೆ ದಿನಪತ್ರಿಕೆಯ ಹಾಳೆ ತುರುಕಿಕೊಂಡು ಎದೆಗೆ ಗಾಳಿ ತಾಗದಂತೆ ಮಾಡುವುದು ಹಳೆಯ ಉಪಾಯ. ಕಷ್ಟಕಾಲಕ್ಕೆ ನಮಗೂ ಆದೀತು.

ಒಲೆ ಉರಿಯಲು ಸೌದೆ ಬೇಕು. ಊಟವಾಗಿ ಸುಮಾರು ಮೂರು ಗಂಟೆಯ ನಂತರ ಓಟ ಆರಂಭಿಸಬಹುದು. ಹೊಟ್ಟೆ ತುಂಬ ಮುದ್ದೆ ಉಂಡು ತಕ್ಷಣ ಓಡುವುದು ಸಲ್ಲ. ಓಟ ಎರಡು ಗಂಟೆ ಮೀರುವುದಾದರೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸೇರಬೇಕು. ಬಾಳೆಹಣ್ಣು, ಖರ್ಜೂರ, ನಮ್ಮ ಆಲೆಮನೆಯ ಬೆಲ್ಲ, ಕಡಲೆ ಮಿಠಾಯಿ ಎಲ್ಲವೂ ಆಗುತ್ತವೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಮೂತ್ರ ಹೆಚ್ಚು ಹೋಗುತ್ತದೆ. ಆಗಾಗ ಗುಟುಕು ನೀರು ಕುಡಿಯಿರಿ. ಹಾಗೆಂದು ಲೀಟರುಗಟ್ಟಲೆ ಬರಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯೇ ಅನಾಹುತವಾದೀತು.

ಯಾರು ಎಚ್ಚರ ವಹಿಸಬೇಕು?

ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ, ಹೃದಯದ ಮೇಲೆ ಹೊರೆ ಬೀಳುತ್ತದೆ. ಹೃದ್ರೋಗವಿರುವವರು, ಬಿ.ಪಿ. ಹತೋಟಿಗೆ ಬಾರದವರು ವೈದ್ಯರ ಸಲಹೆಯಿಲ್ಲದೆ ದೂರದ ಓಟಕ್ಕೆ ಇಳಿಯಬಾರದು. ಓಡುವಾಗ ಎದೆ ಬಿಗಿದಂತಾದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ತಣ್ಣನೆಯ ಒಣಗಾಳಿ ಉಬ್ಬಸವನ್ನು ಕೆರಳಿಸುತ್ತದೆ. ಅಂಥವರು ಮೂಗು ಬಾಯಿಗೆ ಬಟ್ಟೆ ಸುತ್ತಿಕೊಳ್ಳಬೇಕು, ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಜೇಬಿನಲ್ಲಿಡಬೇಕು. ಕಬ್ಬಿನ ತರಗು ಸುಟ್ಟ ಹೊಗೆ ಮಂಜಿನಲ್ಲಿ ಕೆಳಗೇ ನಿಂತಿದ್ದರೆ ಬಿಸಿಲೇರುವವರೆಗೆ ಕಾಯುವುದು ಲೇಸು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಇಳಿದಾಗಲೂ ನಡುಕ, ತೊದಲು ಬರುತ್ತವೆ. ಅದನ್ನು ಬರಿ ಚಳಿ ಎಂದು ಬಗೆಯದೆ, ಎಚ್ಚರವಿದ್ದರೆ ಮೊದಲು ಸಿಹಿ ಕೊಡಬೇಕು.

ಮಂಜಿನಲ್ಲಿ ನಾಲೆ ಏರಿಯ ಅಂಚು ಕಾಣುವುದಿಲ್ಲ. ಕಬ್ಬು ಹೊತ್ತ ಗಾಡಿ, ಟ್ರ್ಯಾಕ್ಟರುಗಳಿಗೆ ನೀವೂ ಕಾಣುವುದಿಲ್ಲ. ಬಿಳಿ ಅಥವಾ ಹೊಳೆಯುವ ಬಟ್ಟೆ ತೊಡಿ, ಟಾರ್ಚ್ ಹಿಡಿಯಿರಿ.

ಪ್ರಥಮ ಚಿಕಿತ್ಸೆ

ಲಕ್ಷಣ ಕಂಡವರನ್ನು ಗಾಳಿಯಿಂದ ಮರೆಗೆ ಸೇರಿಸಿ. ಒದ್ದೆ ಬಟ್ಟೆ ತೆಗೆದು ಮೈ ಒರೆಸಿ, ಒಣ ಬಟ್ಟೆ, ಕಂಬಳಿ ಹೊದಿಸಿ. ತಲೆಯನ್ನೂ ಮುಚ್ಚಿ. ಬರಿ ನೆಲದ ಮೇಲೆ ಮಲಗಿಸಬೇಡಿ. ಪೂರ್ಣ ಎಚ್ಚರವಿದ್ದು ನುಂಗಲು ಆಗುವಂತಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜುವುದು, ಬಿಸಿ ನೀರಿನಲ್ಲಿ ಅದ್ದುವುದು ಬೇಡ. ಬ್ರಾಂದಿ ಕುಡಿಸುವುದಂತೂ ಕೂಡದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಬಿಸಿಯನ್ನೂ ಹೊರಹಾಕುತ್ತದೆ. ನಡುಕ ನಿಂತಿದ್ದರೆ, ಮಂಪರು ಕವಿದಿದ್ದರೆ 108ಕ್ಕೆ ಕರೆ ಮಾಡಿ. ಅಂಥವರನ್ನು ನಡೆಸದೆ, ಅಲುಗಾಡಿಸದೆ ಮೆಲ್ಲನೆ ಸಾಗಿಸಬೇಕು.

ಮನೆಯಲ್ಲಿ ಯಾರಾದರೂ ಇಂಥ ಓಟಕ್ಕೆ ಹೊರಟಿದ್ದರೆ ಉಳಿದವರಿಗೂ ಒಂದು ಕೆಲಸವಿದೆ. ಗುರಿ ಮುಟ್ಟುವ ಜಾಗದಲ್ಲಿ ಒಣ ಅಂಗಿ, ಶಾಲು, ಫ್ಲಾಸ್ಕಿನಲ್ಲಿ ಬಿಸಿ ಹಾಲು ಹಿಡಿದು ನಿಲ್ಲಿ. ಪದಕ ಕೊರಳಿಗೆ ಬೀಳುವ ಮುನ್ನ ಅಂಗಿ ಬದಲಾಗಲಿ. ಫೋಟೊ ಆಮೇಲೆ ತೆಗೆಸಿಕೊಂಡರಾಯಿತು.