ಲಸಿಕೆಯ ಪ್ರಯಾಣ, ಹೋಟೆಲಿನ ಹದಿನಾಲ್ಕು ದಿನ

ಮನೆಯಲ್ಲಿ ಸಿಡುಬು ಕಾಣಿಸಿಕೊಂಡಾಗ ತಲೆಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಸೊಪ್ಪನ್ನು ಕಂಡ ನೆಂಟರು ಅಂಗಳದಿಂದಲೇ ಕ್ಷೇಮ ವಿಚಾರಿಸಿ ಹಿಂದಿರುಗುತ್ತಿದ್ದರು. ಮನೆಯವರೂ ಮದುವೆ, ಜಾತ್ರೆ, ಸಂತೆಗಳಿಗೆ ಹೋಗುತ್ತಿರಲಿಲ್ಲ. ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಬೇರೆ. ಆದರೆ ಫಲ ಒಂದೇ. ರೋಗ ಆ ಹೊಸ್ತಿಲನ್ನು ದಾಟುವುದು ಕಷ್ಟವಾಗುತ್ತಿತ್ತು.

ಇದನ್ನೇ ಸರಕಾರ ಕಾನೂನಿನ ಮೂಲಕ ಮಾಡಿದರೆ ಅದಕ್ಕೆ ಕ್ವಾರಂಟೈನ್ ಎಂದು ಹೆಸರು. ಏಡ್ರಿಯಾಟಿಕ್ ಸಮುದ್ರದ ದಂಡೆಯ ರಗೂಸಾ ಎಂಬ ರೇವುಪಟ್ಟಣ, ಅಂದರೆ ಇಂದಿನ ಡುಬ್ರೋವ್ನಿಕ್, ೧೩೭೭ರಲ್ಲಿ ಇಂಥ ಕಟ್ಟಳೆಯನ್ನು ಹೊರಡಿಸಿತು. ಪ್ಲೇಗು ಇದ್ದ ಊರುಗಳಿಂದ ಬಂದವರು ಪಟ್ಟಣದ ಹೊರಗೆ ಮೂವತ್ತು ದಿನ ಕಾದು ಆಮೇಲೆ ಒಳಗೆ ಬರಬೇಕು. ಮುಂದೆ ಈ ಅವಧಿ ನಲವತ್ತು ದಿನಗಳಿಗೆ ಏರಿತು. ಇಟಲಿಯ ಭಾಷೆಯಲ್ಲಿ ನಲವತ್ತಕ್ಕೆ 'ಕ್ವಾರಾಂತಾ' ಎನ್ನುತ್ತಾರೆ; ಹೆಸರು ಅಲ್ಲಿಂದ ಬಂದದ್ದು. ನಮ್ಮಲ್ಲಿಯೂ ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಮನೆಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡದ್ದನ್ನು, ಪ್ಲೇಗಿನ ಬಿಡಾರಗಳನ್ನು, ಹಳೆಯ ಮನೆತನಗಳು ಬಹುಕಾಲ ನೆನಪಿನಲ್ಲಿ ಇಟ್ಟುಕೊಂಡಿದ್ದವು.

೨೦೨೦ರಲ್ಲಿ ಕೋವಿಡ್ ಜಗತ್ತನ್ನು ಆವರಿಸಿದಾಗ ಈ ಹಳೆಯ ಪದ್ಧತಿ ಹೊಸ ವೇಷದಲ್ಲಿ ಬಂದಿತು. ದ್ವೀಪಗಳಿಗೂ ಗುಡಿಸಲುಗಳಿಗೂ ಬದಲಾಗಿ ಪ್ರವಾಸಿಗರಿಲ್ಲದೆ ಬರಿದಾಗಿದ್ದ ಹೋಟೆಲುಗಳು ಇದಕ್ಕೆ ಒದಗಿದವು. ಆ ವರ್ಷದ ಮೇ ತಿಂಗಳಲ್ಲಿ ವಿಶೇಷ ವಿಮಾನಗಳಲ್ಲಿ ಪರದೇಶಗಳಿಂದ ಮರಳಿದ ಕನ್ನಡಿಗರೂ ಹೀಗೆ ಹೋಟೆಲಿನ ಕೋಣೆಗಳಲ್ಲಿ ದಿನಗಳನ್ನು ಎಣಿಸಿದರು. ಆದರೆ ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಪ್ರಯಾಣಿಕರ ವಿಷಯ. ಇವರು ಕೆಲಸಕ್ಕಾಗಲಿ ವಿಹಾರಕ್ಕಾಗಲಿ ಹೋದವರಲ್ಲ. ತೋಳಿಗೆ ಎರಡು ಸೂಜಿ ಚುಚ್ಚಿಸಿಕೊಳ್ಳುವುದಕ್ಕೆಂದೇ ಕಡಲು ದಾಟಿ ಹೋಗಿ, ಮರಳಿ ಬಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತವರು.

ಥಾಯ್ಲೆಂಡಿನ ಉದಾಹರಣೆಯನ್ನು ತೆಗೆದುಕೊಳ್ಳೋಣ. ಚೀನಾದ ಹೊರಗೆ ಈ ರೋಗ ಮೊದಲು ಪತ್ತೆಯಾದದ್ದು ಅಲ್ಲಿಯೇ, ೨೦೨೦ರ ಜನವರಿ ೧೩ರಂದು. ಆದರೂ ಗಡಿಗಳನ್ನು ಬೇಗ ಮುಚ್ಚಿದ ಕಾರಣ ಮೊದಲನೆಯ ವರ್ಷ ಆ ದೇಶ ಹೆಚ್ಚು ನೋಯಲಿಲ್ಲ. ರೋಗ ಕಡಿಮೆ ಇದ್ದುದರಿಂದ ಲಸಿಕೆಯ ಅವಸರವೂ ಕಡಿಮೆಯಾಯಿತು. ಲಸಿಕೆಯ ಮೊದಲ ಸರಕು ಬಂದದ್ದು ೨೦೨೧ರ ಫೆಬ್ರವರಿಯ ಕೊನೆಗೆ. ಎಲ್ಲರಿಗೂ ಹಾಕುವ ದೊಡ್ಡ ಕಾರ್ಯಕ್ರಮ ಆರಂಭವಾದದ್ದು ಜೂನ್ ೭ರಂದು. ಈ ನಡುವೆ ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿ ರೋಗ ಭುಗಿಲೆದ್ದಿತು. ಅಲ್ಲಿ ನೆಲೆಸಿದ್ದ ವಿದೇಶೀಯರು, ಅಂದರೆ ಉಪಾಧ್ಯಾಯರು, ವ್ಯಾಪಾರಿಗಳು, ನಿವೃತ್ತ ದಂಪತಿಗಳು, ತಮ್ಮ ಸರದಿ ಯಾವಾಗ ಎಂದು ತಿಳಿಯದೆ ಕಳವಳಗೊಂಡರು.

ಅತ್ತ ಅಮೆರಿಕದಲ್ಲಿ ಪರಿಸ್ಥಿತಿ ಇದಕ್ಕೆ ತೀರ ವಿರುದ್ಧ. ೨೦೨೧ರ ಏಪ್ರಿಲ್ ೧೯ರ ಹೊತ್ತಿಗೆ ಹದಿನಾರು ವರ್ಷ ಮೀರಿದವರೆಲ್ಲ ಲಸಿಕೆಗೆ ಅರ್ಹರಾಗಿದ್ದರು. ಔಷಧದ ಅಂಗಡಿಯಲ್ಲಿಯೇ ಬಿಟ್ಟಿಯಾಗಿ ಚುಚ್ಚುತ್ತಿದ್ದರು. ಜೂನ್ ತಿಂಗಳಿನಿಂದ ಅಲಾಸ್ಕಾದ ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರಿಗೂ ಲಸಿಕೆ ದೊರೆಯಿತು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪ ಲಸಿಕೆಯನ್ನೂ ವಿಹಾರವನ್ನೂ ಸೇರಿಸಿ ತೈವಾನಿನವರನ್ನು ಬರಮಾಡಿಕೊಂಡಿತು. ಒಂದೆಡೆ ಉಣ್ಣಲಾರದಷ್ಟು ಹಬ್ಬದೂಟ, ಇನ್ನೊಂದೆಡೆ ಬರಿಯ ಎಲೆ. ಹೀಗಿರುವಾಗ ಟಿಕೀಟಿಗೆ ಹಣವಿದ್ದವರು ಹೊರಟದ್ದರಲ್ಲಿ ಆಶ್ಚರ್ಯವೇನು?

ಹೋಗುವುದು ಸುಲಭ; ಮರಳುವುದೇ ಕಷ್ಟ. ಥಾಯ್ಲೆಂಡಿಗೆ ಮತ್ತೆ ಕಾಲಿಡಬೇಕಾದರೆ ರಾಯಭಾರ ಕಚೇರಿಯಿಂದ ಪ್ರವೇಶಪತ್ರ ಬೇಕು. ಕೋವಿಡ್ ಚಿಕಿತ್ಸೆಯನ್ನು ಒಳಗೊಂಡ ಒಂದು ಲಕ್ಷ ಡಾಲರಿನ ವಿಮೆ ಬೇಕು. ವಿಮಾನ ಹತ್ತುವ ಮುಂಚಿನ ೭೨ ಗಂಟೆಗಳೊಳಗೆ ಮೂಗಿನ ದ್ರವದ ಪರೀಕ್ಷೆಯಾಗಿ, ಸೋಂಕಿಲ್ಲವೆಂಬ ಪತ್ರ ಕೈಯಲ್ಲಿರಬೇಕು. ಇವೆಲ್ಲದರ ಜೊತೆಗೆ ಸರಕಾರ ಒಪ್ಪಿದ ಹೋಟೆಲೊಂದರಲ್ಲಿ ಕೋಣೆಯನ್ನು ಮೊದಲೇ ಹಣ ತೆತ್ತು ಗೊತ್ತುಮಾಡಿರಬೇಕು. ಅಂಥ ಪ್ರತಿಯೊಂದು ಹೋಟೆಲಿಗೂ ಒಂದು ಆಸ್ಪತ್ರೆಯ ಜೋಡಣೆ ಇತ್ತು. ಕೋಣೆ, ಮೂರು ಹೊತ್ತಿನ ಊಟ, ದಾದಿಯರ ಮೇಲ್ವಿಚಾರಣೆ, ಪರೀಕ್ಷೆಗಳು, ನಿಲ್ದಾಣದಿಂದ ಕರೆತರುವ ವಾಹನ, ಇಷ್ಟೂ ಸೇರಿ ಒಂದೇ ದರ. ಅಗ್ಗದ ಕೋಣೆಗೂ ಸುಮಾರು ಮೂವತ್ತು ಸಾವಿರ ಬಾಟ್ ಬೀಳುತ್ತಿತ್ತು. ವೈಭವದ ಕೋಣೆಗಳಿಗೆ ಒಂದು ಲಕ್ಷವೂ ಮೀರುತ್ತಿತ್ತು. ಸ್ವದೇಶಕ್ಕೆ ಮರಳಿದ ಥಾಯ್ ಪ್ರಜೆಗಳಿಗೆ ಮಾತ್ರ ಸರಕಾರ ಧರ್ಮಾರ್ಥವಾಗಿ ಬೇರೆ ಏರ್ಪಾಡು ಮಾಡಿತ್ತು.

ಇಲ್ಲಿ ಯಾರಿಗೇ ಆದರೂ ಒಂದು ಪ್ರಶ್ನೆ ಏಳುತ್ತದೆ. ಲಸಿಕೆ ಹಾಕಿಸಿಕೊಂಡು ಬಂದವನನ್ನು ಮತ್ತೆ ಕೂಡಿಹಾಕುವುದೇಕೆ? ಕೊಡೆ ಹಿಡಿದು ಬಂದವನಿಗೆ, 'ನೀನು ನೆನೆದಿದ್ದೀಯೆ, ಹೊರಗೇ ನಿಲ್ಲು' ಎಂದಂತಾಗಲಿಲ್ಲವೆ? ೨೦೨೧ರ ಏಪ್ರಿಲಿನಲ್ಲಿ ಥಾಯ್ಲೆಂಡು ಲಸಿಕೆ ಪಡೆದವರಿಗೆ ಏಳು ದಿನ, ಉಳಿದವರಿಗೆ ಹತ್ತು ದಿನ ಎಂದು ಸಡಿಲಿಸಿತ್ತು. ಬ್ಯಾಂಕಾಕಿನಲ್ಲಿ ರೋಗ ಏರಿದೊಡನೆ ಮೇ ೧ರಿಂದ ಎಲ್ಲರಿಗೂ ಹದಿನಾಲ್ಕು ದಿನ ಎಂದು ಮತ್ತೆ ಬಿಗಿಗೊಳಿಸಿತು. ಹಲವರು ಅಮೆರಿಕಕ್ಕೆ ಹೊರಟಾಗ ಒಂದು ನಿಯಮವಿತ್ತು, ಮರಳುವಾಗ ಇನ್ನೊಂದು. ಅವರ ಕೋಪಕ್ಕೆ ಕಾರಣವಿತ್ತು. ನಿಯಮಕ್ಕೂ ಕಾರಣವಿತ್ತು. ಎರಡನ್ನೂ ವಿಚಾರಿಸಬೇಕು.

ಹದಿನಾಲ್ಕು ಎಂಬ ಅಂಕೆ ಪಂಚಾಂಗ ನೋಡಿ ಇಟ್ಟದ್ದಲ್ಲ. ರೋಗಾಣು ಮೈ ಹೊಕ್ಕ ದಿನದಿಂದ ಜ್ವರ ಕಾಣುವ ದಿನದವರೆಗೆ ಒಂದು ಮೌನದ ಅವಧಿ ಇರುತ್ತದೆ. ಬೀಜ ಬಿತ್ತಿ ಮೊಳಕೆ ಕಾಣುವವರೆಗಿನ ಕಾಲ ಎಂದುಕೊಳ್ಳಿ. ೨೦೨೦ರಲ್ಲಿ ಮೊದಲು ಹಬ್ಬಿದ ರೋಗಾಣುವಿಗೆ ಇದು ಸರಾಸರಿ ಐದು ದಿನ. ಆದರೆ ಎಲ್ಲರಿಗೂ ಒಂದೇ ಸಮನಲ್ಲ. ರೋಗಲಕ್ಷಣ ಕಾಣುವ ನೂರು ಮಂದಿಯಲ್ಲಿ ಸುಮಾರು ತೊಂಬತ್ತೇಳು ಮಂದಿಗೆ ಹನ್ನೊಂದೂವರೆ ದಿನಗಳೊಳಗೆ ಅದು ಕಾಣುತ್ತದೆಂದು ಲೆಕ್ಕ ಹಾಕಿದ್ದರು. ಉಳಿದವರಲ್ಲಿ ಬಹುಪಾಲಿನವರನ್ನೂ ಹಿಡಿಯಲು ಇನ್ನೆರಡು ಮೂರು ದಿನ ಸೇರಿಸಿದರೆ ಹದಿನಾಲ್ಕಾಯಿತು. ವಿಮಾನ ಹತ್ತುವ ಮುಂಚೆ ಮಾಡಿಸಿದ ಪರೀಕ್ಷೆಯೊಂದೇ ಏಕೆ ಸಾಲದು ಎಂಬುದಕ್ಕೂ ಇದೇ ಉತ್ತರ. ನಿನ್ನೆ ಹೊಕ್ಕ ರೋಗಾಣು ಇಂದಿನ ಪರೀಕ್ಷೆಯಲ್ಲಿ ಕಾಣದು. ಪರೀಕ್ಷೆಯ ಮಾರನೆಯ ದಿನ, ದೂರದ ನಿಲ್ದಾಣದ ಸಾಲಿನಲ್ಲಿ ಅದು ತಗಲಲೂಬಹುದು. ಆದ್ದರಿಂದಲೇ ಹೋಟೆಲಿನಲ್ಲಿ ಒಮ್ಮೆಗೆ ನಿಲ್ಲದೆ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು.

ಲಸಿಕೆಗೂ ಒಂದು ಗಡಿಯಾರವಿದೆ. ಸೂಜಿ ಚುಚ್ಚಿದ ಗಳಿಗೆಯಲ್ಲಿಯೇ ರಕ್ಷಣೆ ಹುಟ್ಟುವುದಿಲ್ಲ. ಫೈಜರ್ ಲಸಿಕೆಯ ಎರಡು ಚುಚ್ಚುಗಳ ನಡುವೆ ಮೂರು ವಾರ, ಮಾಡರ್ನಾ ಲಸಿಕೆಗೆ ನಾಲ್ಕು ವಾರ. ಎರಡನೆಯದಾದ ಮೇಲೂ ದೇಹ ತನ್ನ ಸೈನ್ಯವನ್ನು ಕೂಡಿಸಲು ಸುಮಾರು ಎರಡು ವಾರ ಬೇಕು. ಎರಡನೆಯ ಚುಚ್ಚಾದ ಮಾರನೆಯ ದಿನವೇ ವಿಮಾನ ಹತ್ತಿದವನ ಸ್ಥಿತಿಯನ್ನು ಯೋಚಿಸಿ. ಅವನು ಹೋಟೆಲಿನ ಕೋಣೆಯಲ್ಲಿ ಕುಳಿತ ಹದಿನಾಲ್ಕು ದಿನಗಳೂ, ಅವನ ಮೈಯೊಳಗೆ ರಕ್ಷಣೆ ಪೂರ್ತಿಯಾಗಲು ಬೇಕಾದ ಹದಿನಾಲ್ಕು ದಿನಗಳೂ ಅಕ್ಕಪಕ್ಕದಲ್ಲಿ ನಡೆಯುತ್ತವೆ. ಒಂದು ಊರನ್ನು ಅವನಿಂದ ಕಾಯುವ ಗಡಿಯಾರ. ಇನ್ನೊಂದು ಅವನನ್ನು ರೋಗದಿಂದ ಕಾಯುವ ಗಡಿಯಾರ. ಕಾಲ ಸಮವಾದರೂ ಕಾರಣ ಬೇರೆ. ಪೂರ್ಣ ಲಸಿಕೆಯಾದವನೂ ಕೆಲವೊಮ್ಮೆ ಸೋಂಕನ್ನು ಹೊತ್ತು ತರಬಲ್ಲನೆಂಬುದು ೨೦೨೧ರ ನಡುವೆ ಡೆಲ್ಟಾ ಎಂಬ ರೂಪಾಂತರ ಹರಡಿದಾಗ ಸ್ಪಷ್ಟವಾಯಿತು. ಲಸಿಕೆ ಅವನ ಪ್ರಾಣವನ್ನು ಚೆನ್ನಾಗಿ ಕಾಯುತ್ತಿತ್ತು. ಅವನ ಉಸಿರಿಗೆ ಪೂರ್ಣ ಜಾಮೀನು ಕೊಡುತ್ತಿರಲಿಲ್ಲ.

ಇನ್ನು ಕೋಣೆಯೊಳಗಿನ ಬಾಳು ಹೇಗಿರುತ್ತಿತ್ತು? ನಿಲ್ದಾಣದಲ್ಲಿ ಅಡಿಯಿಂದ ಮುಡಿಯವರೆಗೆ ಹೊದಿಕೆ ತೊಟ್ಟವರು ಕಾಗದಗಳನ್ನು ನೋಡಿ ವಾಹನಕ್ಕೆ ಹತ್ತಿಸುತ್ತಾರೆ. ಹೋಟೆಲಿನ ಮುಂಬಾಗಿಲಿನಿಂದಲ್ಲ, ಪಕ್ಕದ ದಾರಿಯಿಂದ ಒಳಗೆ ಕರೆದೊಯ್ದು ಕೋಣೆ ಸೇರಿಸುತ್ತಾರೆ. ಅಲ್ಲಿಂದ ಮುಂದೆ ಬಾಗಿಲು ತೆರೆಯುವುದು ಊಟದ ಪೊಟ್ಟಣಕ್ಕೆ ಮತ್ತು ಪರೀಕ್ಷೆಗೆ ಮಾತ್ರ. ಪೊಟ್ಟಣವನ್ನು ಹೊರಗಿನ ಮೇಜಿನ ಮೇಲಿಟ್ಟು, ಬಾಗಿಲು ತಟ್ಟಿ, ಇಟ್ಟವರು ದೂರ ಸರಿದ ಮೇಲೆ ಒಳಗಿದ್ದವರು ಕೈಚಾಚಬೇಕು. ದಿನಕ್ಕೆ ಎರಡು ಬಾರಿ ಮೈಕಾವನ್ನು ತಾವೇ ಅಳೆದು ಫೋನಿನಲ್ಲಿ ದಾದಿಗೆ ತಿಳಿಸಬೇಕು. ಮೊದಲೆಲ್ಲ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದಾದ ಮೇಲೆ ಗೊತ್ತಾದ ಹೊತ್ತಿಗೆ ತಾರಸಿಯಲ್ಲೋ ತೋಟದಲ್ಲೋ ಅಡ್ಡಾಡಲು ಬಿಡುತ್ತಿದ್ದರು. ೨೦೨೧ರ ಮೇ ತಿಂಗಳಿನಿಂದ ಅದೂ ನಿಂತಿತು. ಸೋಂಕು ಇದೆಯೆಂದು ತಿಳಿದರೆ, ಜ್ವರ ಇಲ್ಲದಿದ್ದರೂ ಆಸ್ಪತ್ರೆಗೆ ಸಾಗಬೇಕು.

ನ್ಯೂಯಾರ್ಕಿನಲ್ಲಿ ಬೇಸಗೆಯ ಬೆಳಗು ಹತ್ತು ಗಂಟೆಯಾದಾಗ ಬ್ಯಾಂಕಾಕಿನಲ್ಲಿ ರಾತ್ರಿ ಒಂಬತ್ತು. ಹೀಗಾಗಿ ಮೊದಲ ಮೂರು ನಾಲ್ಕು ದಿನ ಹಗಲು ನಿದ್ದೆ, ಇರುಳು ಎಚ್ಚರ. ಆಮೇಲೆ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಬಾಗಿಲಿನಿಂದ ಕಿಟಕಿಗೆ ಎಷ್ಟು ಹೆಜ್ಜೆ ಎಂಬುದು ಬಾಯಿಪಾಠವಾಗುತ್ತದೆ. ಮುಚ್ಚಳದೊಳಗೆ ಬೆವೆತ ಅನ್ನದ ವಾಸನೆ ನೋಡಿಯೇ ಹಸಿವು ಇಂಗುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ೨೦೨೦ರ ಆರಂಭದಲ್ಲಿ, ಹಿಂದಿನ ಸಾಂಕ್ರಾಮಿಕಗಳ ಅನುಭವಗಳನ್ನೆಲ್ಲ ಕೂಡಿಸಿ ನೋಡಿದ ಒಂದು ವಿಮರ್ಶೆಯನ್ನು ಪ್ರಕಟಿಸಿತು. ಕೂಡಿಹಾಕಿಸಿಕೊಂಡವರನ್ನು ಬಾಧಿಸುವುದು ಅವಧಿಯ ಉದ್ದ, ಸೋಂಕಿನ ಭಯ, ಬೇಸರ, ಬೇಕಾದ ಸಾಮಾನುಗಳ ಕೊರತೆ, ಸರಿಯಾದ ತಿಳಿವಳಿಕೆ ಸಿಗದಿರುವುದು ಎಂದು ಅದು ಕಂಡುಕೊಂಡಿತು. ಇದಕ್ಕೆ ಮದ್ದು ಸರಳವಾದದ್ದೇ: ಅವಶ್ಯಕ್ಕಿಂತ ಒಂದು ದಿನವೂ ಹೆಚ್ಚು ಇಡಬೇಡಿ, ಏಕೆ ಇಟ್ಟಿದ್ದೀರೆಂದು ಬಿಡಿಸಿ ಹೇಳಿ, ನಡುವೆ ಅವಧಿಯನ್ನು ಹಿಗ್ಗಿಸಬೇಡಿ. ಮೇ ತಿಂಗಳ ಪ್ರಯಾಣಿಕರನ್ನು ಕೆರಳಿಸಿದ್ದು ಕೋಣೆಗಿಂತ ಹೆಚ್ಚಾಗಿ ಬದಲಾದ ನಿಯಮ ಎಂಬುದು ಇದರಿಂದ ಅರ್ಥವಾಗುತ್ತದೆ.

ಹೋಟೆಲು ಆಸ್ಪತ್ರೆಯಲ್ಲ ಎಂಬುದನ್ನೂ ಮರೆಯಬಾರದು. ಅದರ ಕಿಟಕಿಗಳು ತಂಪಿಗಾಗಿ ಭದ್ರವಾಗಿ ಮುಚ್ಚಿರುತ್ತವೆ, ಓಣಿಗಳು ಕಿರಿದಾಗಿರುತ್ತವೆ. ಈ ರೋಗ ಗಾಳಿಯಲ್ಲಿ ತೇಲುವಂಥದು. ನ್ಯೂಜಿಲೆಂಡಿನ ಒಂದು ಹೋಟೆಲಿನಲ್ಲಿ ೨೦೨೧ರಲ್ಲಿ ಎದುರುಬದುರಿನ ಕೋಣೆಗಳ ಬಾಗಿಲುಗಳು ಕೆಲವೇ ಸೆಕೆಂಡು ಒಟ್ಟಿಗೆ ತೆರೆದದ್ದರಿಂದಲೇ ಸೋಂಕು ದಾಟಿತೆಂದು ತನಿಖೆ ಮಾಡಿದವರು ಅಭಿಪ್ರಾಯಪಟ್ಟರು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ೨೦೨೦ರಲ್ಲಿ ಇಂಥ ಹೋಟೆಲುಗಳಿಂದಲೇ ರೋಗ ನೌಕರರ ಮೂಲಕ ಊರಿಗೆ ಇಳಿದು, ಎಂಟುನೂರರಷ್ಟು ಜನರ ಸಾವಿಗೆ ಕಾರಣವಾದ ಎರಡನೆಯ ಅಲೆ ಎದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಈ ಮಾತು ನಮ್ಮನ್ನು ವಿಷಯದ ತಿರುಳಿಗೆ ತರುತ್ತದೆ. ಕೋಣೆಯೊಳಗಿದ್ದವನು ಲಸಿಕೆ ಪಡೆದವನು. ಅದಕ್ಕಾಗಿ ಅರ್ಧ ಭೂಮಿಯನ್ನು ಸುತ್ತುವ ಶಕ್ತಿ ಉಳ್ಳವನು. ಬಾಗಿಲಿನ ಹೊರಗೆ ಊಟ ಇಟ್ಟು ಹೋಗುವವಳು, ಹಾಸಿಗೆಯ ಬಟ್ಟೆ ಒಗೆಯುವವನು, ಸರದಿಗೆ ಕಾಯುತ್ತಿರುವವರ ಸಾಲಿನವರು. ಸಂಜೆ ತುಂಬಿದ ಬಸ್ಸಿನಲ್ಲಿ ಮನೆಗೆ, ಮುದುಕರೂ ಮಕ್ಕಳೂ ಇರುವ ಮನೆಗೆ, ಹೋಗುವವರು. ಹೊರಗಿನಿಂದ ನೋಡಿದರೆ ಸೆರೆಯಾದವನು ಒಳಗಿನವನು. ಅಪಾಯ ಹೊತ್ತವರು ಹೊರಗಿನವರು. ಪರದೇಶಕ್ಕೆ ಹೋಗಿ ಲಸಿಕೆ ಪಡೆದವನಿಂದ ಇಲ್ಲಿ ಒಂದು ಪಾಲು ಲಸಿಕೆ ಇನ್ನೊಬ್ಬರಿಗೆ ಉಳಿಯಿತೆಂದು ವಾದಿಸಬಹುದು. ಅದು ಸುಳ್ಳೂ ಅಲ್ಲ. ಆದರೆ ಆ ಉಳಿತಾಯದ ಬೆಲೆಯಾಗಿ ಅವನು ದೂರದ ರೋಗವನ್ನು ತಂದು ಲಸಿಕೆಯಿಲ್ಲದವರ ನಡುವೆ ಇಳಿಸದಂತೆ ನೋಡಿಕೊಳ್ಳುವುದೂ ನ್ಯಾಯವೇ. ಹದಿನಾಲ್ಕು ದಿನಗಳನ್ನು ದಂಡನೆ ಎಂದು ಬಗೆದವರಿಗೆ ಅವು ಹಿಂಸೆಯಾದವು. ಊಟ ತಂದಿಟ್ಟವಳ ಮನೆಗೆ ಸಲ್ಲಿಸಿದ ಸಾಲ ಎಂದು ಬಗೆದವರಿಗೆ ಅಷ್ಟು ಭಾರವಾಗಲಿಲ್ಲ.

ಕಟ್ಟಳೆ ಒಂದೊಂದಾಗಿ ಸಡಿಲವಾಯಿತು. ೨೦೨೧ರ ಜುಲೈ ೧ರಿಂದ ಫುಕೆಟ್ ದ್ವೀಪ ಲಸಿಕೆ ಪಡೆದ ಪ್ರವಾಸಿಗರನ್ನು ಕೋಣೆಯ ಸೆರೆಯಿಲ್ಲದೆ ಒಳಗೆ ಬಿಟ್ಟಿತು. ನವೆಂಬರಿನಿಂದ ಅನೇಕ ದೇಶಗಳಿಂದ ಬಂದವರಿಗೆ ಪರೀಕ್ಷೆಯ ಫಲ ಬರುವವರೆಗಿನ ಒಂದು ರಾತ್ರಿಯ ವಾಸ ಸಾಕಾಯಿತು. ಒಂದು ಕಾಲಕ್ಕೆ ಇಪ್ಪತ್ತೊಂದು ದಿನ ಇಡುತ್ತಿದ್ದ ಹಾಂಕಾಂಗ್ ೨೦೨೨ರ ಸೆಪ್ಟೆಂಬರಿನಲ್ಲಿ ಹೋಟೆಲುವಾಸವನ್ನು ರದ್ದುಮಾಡಿತು. ೨೦೨೩ರ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು.

ಆದರೂ ಕ್ವಾರಂಟೈನ್ ಪುರಾಣದ ಮಾತಾಗಿಲ್ಲ. ಆಫ್ರಿಕದ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ಸೀಮೆಗೆ ಹೋಗಿ ಬರುವವರು ಲಸಿಕೆಯ ಪತ್ರವಿಲ್ಲದೆ ನಮ್ಮ ದೇಶಕ್ಕೆ ಬಂದಿಳಿದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇಡಬಹುದೆಂಬ ನಿಯಮ ಇಂದಿಗೂ ಇದೆ. ಆ ಪತ್ರವೂ ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಸಿಂಧುವಾಗುತ್ತದೆ. ಆದಕಾರಣ ಮನೆಯಲ್ಲಿ ಯಾರಾದರೂ ಅತ್ತ ಹೊರಟಿದ್ದರೆ ಟಿಕೀಟಿನ ದಿನಕ್ಕಿಂತ ಮೊದಲು ಲಸಿಕೆಯ ದಿನವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.