ಸಂದರ್ಶನ ಮುಗಿದ ಮೇಲೆ

ಮೂಡುಬಿದಿರೆಯ ವಿದ್ಯಾಗಿರಿಯಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ನಡೆಸುವ 'ಆಳ್ವಾಸ್ ಪ್ರಗತಿ' ಉದ್ಯೋಗ ಮೇಳದ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. 2024ರಲ್ಲಿ ಅದು ಜೂನ್ 7 ಮತ್ತು 8ರಂದು ನಡೆಯಿತು. ಬಂಟ್ವಾಳ, ಬೆಳ್ತಂಗಡಿ ಕಡೆಯ ಯುವಕ ಯುವತಿಯರು ಬೆಳಗ್ಗಿನ ಬಸ್ಸು ಹಿಡಿದು ಇಂಥ ಮೇಳಗಳಿಗೆ ಹೋಗುತ್ತಾರೆ. ಒಂದೇ ದಿನದಲ್ಲಿ ಮೂರು ನಾಲ್ಕು ಕಂಪೆನಿಗಳ ಮುಂದೆ ಕುಳಿತು ಬರುತ್ತಾರೆ. ಸಂದರ್ಶನಕ್ಕೆ ಹೇಗೆ ಸಿದ್ಧರಾಗಬೇಕೆಂದು ಹೇಳಿಕೊಡುವವರು ಬಹಳ. ಹೊರಗೆ ಬಂದ ಮೇಲೆ ಹೇಗಿರಬೇಕೆಂದು ಹೇಳುವವರು ಕಡಿಮೆ. ಕೈಗೆ ಬಂದ ಕೆಲಸ ತಪ್ಪಿಹೋಗುವುದು, ಸಾಲ ಮಾಡಿ ಕೊಟ್ಟ ಹಣ ಮುಳುಗುವುದು ಈ ನಂತರದ ದಿನಗಳಲ್ಲೇ ಆಗಬಹುದು.

ಅದೇ ದಿನ ಮಾಡಬೇಕಾದದ್ದು

ಬಸ್ಸು ಹತ್ತುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಂಗತಿ ಬರೆದಿಡಿ: ಕಂಪೆನಿಯ ಹೆಸರು ಮತ್ತು ಹುದ್ದೆ, ಮಾತನಾಡಿಸಿದವರ ಹೆಸರು, ಅವರು ಹೇಳಿದ ಸಂಬಳ ಮತ್ತು ಊರು, ಉತ್ತರ ಯಾವಾಗ ಕೊಡುತ್ತೇವೆಂದರು ಎಂಬುದು. ಹಲವು ಕಡೆ ಸಂದರ್ಶನ ಕೊಟ್ಟವರಿಗೆ ಮರುದಿನವೇ ಎಲ್ಲವೂ ಕಲಸಿಹೋಗುತ್ತದೆ.

'ಶಾರ್ಟ್‌ಲಿಸ್ಟ್ ಆಗಿದ್ದೀರಿ' ಎಂದರೆ ಕೆಲಸ ಸಿಕ್ಕಿತು ಎಂದರ್ಥವಲ್ಲ. ಮುಂದಿನ ಸುತ್ತಿಗೆ ಹೆಸರು ಉಳಿದಿದೆ ಎಂದಷ್ಟೇ. ಆಫರ್ ಲೆಟರ್ ಕೈಸೇರುವ ತನಕ ಇರುವ ಕೆಲಸ ಬಿಡಬಾರದು, ಮನೆಯವರೂ ಊರಿಗೆಲ್ಲ ಹೇಳಬಾರದು. ನಾಳೆ ಕೆಲಸ ಸಿಗದೇ ಹೋದರೆ ಎಲ್ಲರಿಗೂ ಉತ್ತರಿಸಬೇಕಾದ ಭಾರ ಮಗನ ಅಥವಾ ಮಗಳ ಮೇಲೆಯೇ ಬೀಳುತ್ತದೆ.

ಮರುದಿನ ಒಂದು ಇಮೇಲ್

ಇಮೇಲ್ ವಿಳಾಸ ಕೊಟ್ಟಿದ್ದರೆ ಮರುದಿನದೊಳಗೆ ಚಿಕ್ಕದೊಂದು ಕೃತಜ್ಞತೆಯ ಪತ್ರ ಕಳುಹಿಸಿ. ಮೂರು ವಾಕ್ಯ ಸಾಕು: ಯಾವ ದಿನ, ಯಾವ ಹುದ್ದೆಗೆ ಬಂದಿದ್ದೆ, ಸಮಯ ಕೊಟ್ಟದ್ದಕ್ಕೆ ಧನ್ಯವಾದ, ಕೆಲಸದಲ್ಲಿ ಆಸಕ್ತಿಯಿದೆ, ಬೇರೆ ದಾಖಲೆ ಬೇಕಾದರೆ ಕಳುಹಿಸುತ್ತೇನೆ. ಕೆಳಗೆ ಪೂರ್ಣ ಹೆಸರು ಮತ್ತು ಫೋನ್ ನಂಬರ್. ಬಡತನದ ಕಥೆ, ಬೇಡಿಕೊಳ್ಳುವ ಮಾತು ಅದರಲ್ಲಿ ಬೇಡ. ಸಂದರ್ಶಕರ ಸ್ವಂತ ವಾಟ್ಸ್‌ಆ್ಯಪಿಗೆ ರಾತ್ರಿ ಹೊತ್ತು ಮೆಸೇಜು ಹಾಕುವುದೂ ಬೇಡ.

ಹೇಳಿದ ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ದಿನವನ್ನೇ ಹೇಳದಿದ್ದರೆ ಒಂದು ವಾರ ಕಾದು, ಒಮ್ಮೆ ಕೇಳಬಹುದು. ಕೇಳಬೇಕಾದವರು ಅಭ್ಯರ್ಥಿಯೇ. ತಂದೆ, ಮಾವ ಅಥವಾ ಪರಿಚಯದ ನಾಯಕರಿಂದ ಫೋನ್ ಮಾಡಿಸಿದರೆ, ಇವರಿಗೆ ಸ್ವಂತವಾಗಿ ಮಾತನಾಡಲು ಬರುವುದಿಲ್ಲವೇ ಎಂಬ ಸಂಶಯ ಬರುತ್ತದೆ.

ಫೋನ್ ಮನೆಯ ಎಲ್ಲರ ಜವಾಬ್ದಾರಿ

ಅರ್ಜಿಯಲ್ಲಿ ತಂದೆಯ ಅಥವಾ ಅಣ್ಣನ ನಂಬರ್ ಕೊಟ್ಟಿರುವವರಿದ್ದಾರೆ. ಅಂಥ ಮನೆಯಲ್ಲಿ ಫೋನ್ ಎತ್ತುವವರಿಗೆ ವಿಷಯ ತಿಳಿಸಿರಬೇಕು: ಯಾರು, ಯಾವ ಕಂಪೆನಿ, ಯಾವ ನಂಬರಿಗೆ ಮರಳಿ ಕರೆಯಬೇಕು ಎಂದು ಕೇಳಿ ಬರೆದಿಟ್ಟರೆ ಸಾಕು. ಚಾರ್ಮಾಡಿ, ದಿಡುಪೆ ಕಡೆಯಂತೆ ನೆಟ್‌ವರ್ಕ್ ಕೈಕೊಡುವ ಊರಿನವರು ಎರಡನೆಯ ನಂಬರನ್ನೂ ಕೊಟ್ಟಿರಲಿ, ದಿನಕ್ಕೆರಡು ಬಾರಿ ಇಮೇಲ್ ನೋಡಲಿ. ತಪ್ಪಿದ ಕರೆಗೆ ಅದೇ ದಿನ ಮರಳಿ ಕರೆಯಬೇಕು.

ಆಫರ್ ಬಂದಾಗ ಕೇಳಬೇಕಾದದ್ದು

ಹೇಳುವ ಸಂಬಳ ಬೇರೆ, ಕೈಗೆ ಬರುವ ಸಂಬಳ ಬೇರೆ. ತಿಂಗಳಿಗೆ ಒಟ್ಟು 18,000 ರೂಪಾಯಿ, ಅದರಲ್ಲಿ ಮೂಲವೇತನ 10,000 ಎಂದಿಟ್ಟುಕೊಳ್ಳಿ. ಮೂಲವೇತನದ ಶೇ. 12 ಪಿ.ಎಫ್. ಎಂದರೆ 1,200, ಒಟ್ಟು ಸಂಬಳದ ಶೇ. 0.75 ಇ.ಎಸ್.ಐ. ಎಂದರೆ 135. ಕೈಗೆ ಬರುವುದು 16,665. 'ವರ್ಷಕ್ಕೆ ಇಷ್ಟು ಲಕ್ಷ' ಎಂದು ಹೇಳುವಾಗ ಕಂಪೆನಿ ಕಟ್ಟುವ ಪಿ.ಎಫ್. ಪಾಲನ್ನೂ ಅದರಲ್ಲಿ ಸೇರಿಸಿರುವುದುಂಟು. ಬೆಂಗಳೂರಿನ ಬಾಡಿಗೆ, ಊಟ ಕಳೆದು ಮನೆಗೆ ಎಷ್ಟು ಕಳುಹಿಸಬಹುದೆಂದು ಸಹಿ ಹಾಕುವ ಮೊದಲೇ ಲೆಕ್ಕ ಹಾಕಬೇಕು.

ಬಾಂಡ್ ಇದೆಯೇ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತಾರೆಯೇ, ರಾತ್ರಿ ಪಾಳಿ ಇದೆಯೇ, ವಾಹನ ಕೊಡುತ್ತಾರೆಯೇ ಎಂದೂ ಕೇಳಿ. ಜುಮುಅಃದ ಬಿಡುವು, ಹಿಜಾಬ್ ಕುರಿತು ಕೇಳಲು ಇದೇ ಸರಿಯಾದ ಹಂತ. 'ಶುಕ್ರವಾರ ಮಧ್ಯಾಹ್ನ ನನಗೆ ಒಂದು ಗಂಟೆಯ ಬಿಡುವು ಬೇಕಾಗುತ್ತದೆ, ಆ ಹೊತ್ತಿನ ಕೆಲಸವನ್ನು ನಂತರ ಮುಗಿಸಿಕೊಡುತ್ತೇನೆ' ಎಂದು ನೇರವಾಗಿ ಹೇಳಬಹುದು. ಸೇರಿದ ಮೇಲೆ ಮನಸ್ತಾಪ ಮಾಡಿಕೊಳ್ಳುವುದಕ್ಕಿಂತ ಮೊದಲೇ ಮಾತಾಡುವುದು ಇಬ್ಬರಿಗೂ ಒಳ್ಳೆಯದು.

ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ)ರು ಮದ್ಯನ್‌ನಲ್ಲಿ ಕೆಲಸಕ್ಕೆ ಸೇರಿದ ಪ್ರಸಂಗವಿದೆ. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹೇಳಿದ ಹೆಣ್ಣುಮಗಳು ತೋರಿಸಿದ ಅರ್ಹತೆ ಎರಡು: ಸಾಮರ್ಥ್ಯ ಮತ್ತು ವಿಶ್ವಾಸಾರ್ಹತೆ. ಆಕೆಯ ತಂದೆ, ವಿವಾಹದ ಮಾತಿನೊಂದಿಗೆ, ಎಂಟು ವರ್ಷದ ಷರತ್ತನ್ನು ಮುಂದಿಟ್ಟರು. ಹತ್ತು ಪೂರೈಸುವುದು ಮೂಸಾ(ಅ)ರ ಇಷ್ಟಕ್ಕೆ ಬಿಟ್ಟದ್ದು. ಕೆಲಸ ಆರಂಭವಾಗುವ ಮೊದಲೇ ಅವಧಿ ಸ್ಪಷ್ಟವಾಗಿತ್ತು. ಕೇಳಿ ತಿಳಿದುಕೊಳ್ಳುವುದು ದುರಾಸೆಯಲ್ಲ.

ಒಪ್ಪಿದ ಮಾತು

ಒಂದು ಕಡೆ ಬರುತ್ತೇನೆ ಎಂದು ಒಪ್ಪಿ, ಇನ್ನೊಂದು ಕಡೆ ಹೆಚ್ಚು ಸಂಬಳ ಸಿಕ್ಕಿತೆಂದು ಫೋನ್ ಸ್ವಿಚ್ ಆಫ್ ಮಾಡುವವರಿದ್ದಾರೆ. ಅವರಿಗಾಗಿ ಕಾದಿಟ್ಟ ಜಾಗ ಇನ್ನೊಬ್ಬರಿಗೂ ಸಿಗದೆ ಹೋಗುತ್ತದೆ. ಮುಂದಿನ ವರ್ಷ ಅದೇ ಕಾಲೇಜಿನ, ಅದೇ ಊರಿನ ಮಕ್ಕಳು ಬಂದಾಗ ಆ ಕಂಪೆನಿಯವರಿಗೆ ಹಳೆಯದು ನೆನಪಾಗಬಹುದು. ನಿರ್ಧರಿಸಲು ಸಮಯ ಬೇಕಿದ್ದರೆ ಎರಡು ಮೂರು ದಿನ ಕೇಳಿ. ಇಸ್ತಿಖಾರಃ ಮಾಡಿ, ಹಿರಿಯರಲ್ಲಿ ಸಮಾಲೋಚಿಸಿ. ಒಪ್ಪಿದ ಮೇಲೆ ನಿಲ್ಲಿ. ನಿಜಕ್ಕೂ ಹೋಗಲಾಗದ ಕಾರಣವಿದ್ದರೆ ಸೇರುವ ದಿನಕ್ಕೆ ಮೊದಲೇ ಬರೆದು ತಿಳಿಸಿ, ಕ್ಷಮೆ ಕೇಳಿ.

ಹಣ ಕೇಳಿದರೆ

'ಆಯ್ಕೆಯಾಗಿದ್ದೀರಿ, ಡೆಪಾಸಿಟ್ ಕಟ್ಟಿ' ಎಂಬ ಕರೆ ಬಂದರೆ ಕಟ್ಟಬೇಡಿ. ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಗಲ್ಫ್ ಕೆಲಸವಾದರೆ ಏಜೆಂಟರ ನೋಂದಣಿ ಸಂಖ್ಯೆಯನ್ನು ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಶೇ. 18 ಜಿ.ಎಸ್.ಟಿ., ಒಟ್ಟು 35,400; ಅದಕ್ಕೂ ರಶೀದಿ ಬೇಕು. 'ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ' ಎಂಬ ಮಾತನ್ನು ನಂಬಿ ತಾಯಿಯ ಚಿನ್ನ ಅಡವಿಡಬೇಡಿ.

ಆಯ್ಕೆಯಾಗದಿದ್ದರೆ

'ತಿಳಿಸಿದ್ದಕ್ಕೆ ಧನ್ಯವಾದ, ಮುಂದೆ ಅವಕಾಶವಿದ್ದರೆ ನೆನಪಿಡಿ' ಎಂದು ಒಂದು ಸಾಲು ಬರೆಯಿರಿ. ಆಯ್ಕೆಯಾದವರು ಸೇರದಿದ್ದಾಗ ಎರಡನೆಯ ಹೆಸರನ್ನು ಕರೆಯುವುದುಂಟು. ಯಾವ ಪ್ರಶ್ನೆಗೆ ತಡವರಿಸಿದಿರಿ ಎಂದು ಬರೆದಿಟ್ಟು ಅದನ್ನೇ ಕಲಿಯಿರಿ. ಸ್ವಂತ ಉದ್ಯೋಗದ ಮನಸ್ಸಿದ್ದವರಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿಯೊಂದಿಗೆ ಉಚಿತ ತರಬೇತಿ ಕೊಡುತ್ತದೆ.

ಮನೆಯವರಿಗೆ ಒಂದು ಮಾತು: ಕಾಯುವ ದಿನಗಳಲ್ಲಿ 'ಏನಾಯಿತು, ಫೋನ್ ಬಂತಾ' ಎಂದು ದಿನಕ್ಕೆ ಹತ್ತು ಸಲ ಕೇಳಬೇಡಿ. ಅನ್ನ ಕೊಡುವವನು ಅಲ್ಲಾಹನು. ನಮ್ಮ ಪಾಲಿನ ಪ್ರಯತ್ನವನ್ನು ಅಚ್ಚುಕಟ್ಟಾಗಿ ಮಾಡಿ, ಉಳಿದದ್ದನ್ನು ಅವನಿಗೆ ಒಪ್ಪಿಸೋಣ.